ಕೊಡೆ ಬಟ್ಟೆಯ ಗಾಳಿಪಟ

ಗುಜರಾತಿನವರು ಸಂಕ್ರಾಂತಿಗೆ ಗಾಳಿಪಟ ಹಾರಿಸುತ್ತಾರೆ. ನಮ್ಮ ದೊಡ್ಡಬಳ್ಳಾಪುರದವರಿಗೆ ಅದು ಆಷಾಢದ ಕೆಲಸ. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಮದುಮಗಳು ತವರಿಗೆ ಬಂದು ಕೂತಿರುತ್ತಾಳೆ. ಮದುವೆಗಳಿಲ್ಲದ ಮೇಲೆ ಸೀರೆಗೆ ಗಿರಾಕಿಯಿಲ್ಲ, ಸೀರೆಗೆ ಗಿರಾಕಿಯಿಲ್ಲದ ಮೇಲೆ ಮಗ್ಗಗಳ ಸದ್ದೂ ಸ್ವಲ್ಪ ತಗ್ಗುತ್ತದೆ. ಆ ಹೊತ್ತಿಗೆ ಸರಿಯಾಗಿ ಗಾಳಿ ಬರುತ್ತದೆ. ಮುಂಗಾರು ತನ್ನ ಮಳೆಯ ಬಹುಪಾಲನ್ನು ಪಶ್ಚಿಮ ಘಟ್ಟದಲ್ಲೇ ಸುರಿದು, ನಮ್ಮ ಬಯಲುಸೀಮೆಗೆ ಬರುವಾಗ ಬರಿಗೈಯಲ್ಲಿ, ಬರೀ ಗಾಳಿಯಾಗಿ ಬರುತ್ತದೆ. ರೈತನಿಗೆ ಅದು ಬೇಸರದ ಸಂಗತಿ. ನಮ್ಮಂಥ ನೇಕಾರರ ಮಕ್ಕಳಿಗೆ ವರ್ಷಕ್ಕೊಮ್ಮೆ ಬರುವ ಜಾತ್ರೆ.

ಮೂವತ್ತು ವರ್ಷಗಳಿಂದ ಮಕ್ಕಳಿಗೆ ಸಮಾಜ ವಿಜ್ಞಾನ ಪಾಠ ಹೇಳುತ್ತಿರುವ ನಾನು ಗಾಳಿಪಟದ ವಿಷಯ ಬರೆಯಲು ಕೂತಿರುವುದಕ್ಕೆ ಒಂದು ಕಾರಣವಿದೆ. ನಾನು ಮಾಡಿದ ಒಂದು ತೀರ್ಪು ನನ್ನನ್ನು ಇಷ್ಟು ವರ್ಷವಾದರೂ ಬಿಟ್ಟಿಲ್ಲ.

2011ರ ಆಷಾಢ. ನಮ್ಮ ಬಡಾವಣೆಯ ಕಡೆ ಮಕ್ಕಳಿಗಾಗಿ ಏರ್ಪಡಿಸುವ ಒಂದು ಸಣ್ಣ ಗಾಳಿಪಟ ಸ್ಪರ್ಧೆಗೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ಮೇಷ್ಟರು, ಮಿಸ್ಸುಗಳು ಎಂದರೆ ತೀರ್ಪು ಹೇಳುವುದಕ್ಕೇ ಹುಟ್ಟಿದವರು ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ನಿಯಮಗಳ ಒಂದು ಹಾಳೆ ಕೈಗೆ ಕೊಟ್ಟರು. ಮೊದಲನೆಯದು: ಪಟ ಕಾಗದದ್ದಾಗಿರಬೇಕು. ಎರಡನೆಯದು: ದಾರ ಹತ್ತಿಯದಾಗಿರಬೇಕು. ಆ ಹಾಳೆ ನೋಡಿ ನನಗೆ ಒಳಗೊಳಗೇ ಸಂತೋಷವಾಯಿತು. ಅದು ನನ್ನ ಅಪ್ಪನ ನಿಯಮ. ಅಪ್ಪ ಹೋಗಿ ಆಗಲೇ ಆರು ವರ್ಷವಾಗಿತ್ತು.

ಅಂದು ಬೆಳಗಿನಿಂದ ತುಂತುರು. ಕಾಗದದ ಪಟಗಳು ಒಂದೊಂದಾಗಿ ನೆನೆದು ಮೆತ್ತಗಾಗಿ ಹರಿದು ಕೆಳಗಿಳಿದವು. ಇಳಿಯದೆ ಉಳಿದದ್ದು ಕಪ್ಪಗಿದ್ದ ಒಂದೇ ಪಟ. ಒಂಬತ್ತನೇ ಕ್ಲಾಸಿನ ಹುಡುಗನದು. ತಂದೆ ವಿದ್ಯುತ್ ಮಗ್ಗದಲ್ಲಿ ಕೂಲಿ. ಹುಡುಗ ಮುರಿದ ಕೊಡೆಯ ಬಟ್ಟೆ ಬಿಚ್ಚಿ, ಹಳೆಯ ಮಂಕರಿಯ ಬಿದಿರು ಸೀಳಿ, ಸೂಜಿದಾರದಲ್ಲಿ ಸುತ್ತಲೂ ಹೊಲಿದು ಪಟ ಮಾಡಿದ್ದ. ಹೊಲಿಗೆ ಒರಟಾಗಿತ್ತು, ಆದರೆ ಎಡಬಲ ತೂಕ ತಕ್ಕಡಿಯಲ್ಲಿಟ್ಟ ಹಾಗಿತ್ತು. ಅದು ಗಾಳಿಯಲ್ಲಿ ನಿಂತ ರೀತಿ ನೋಡಿ ಬಂದವರೆಲ್ಲ ತಲೆಯೆತ್ತಿಕೊಂಡೇ ಇದ್ದರು.

ನಾನು ನಿಯಮದ ಹಾಳೆ ತೋರಿಸಿ ಅವನನ್ನು ಸ್ಪರ್ಧೆಯಿಂದ ಹೊರಗಿಟ್ಟೆ.

"ಮಾಡಿದ್ದು ನಾನೇ ಮಿಸ್" ಎಂದ ಹುಡುಗ. ಬೇರೇನೂ ಹೇಳಲಿಲ್ಲ. ಮೊದಲ ಬಹುಮಾನ ಇನ್ನೊಬ್ಬ ಹುಡುಗನಿಗೆ ಹೋಯಿತು. ಅವನ ಹತ್ತಿರ ಐದು ಪಟಗಳಿದ್ದವು, ನಾಲ್ಕು ಹರಿದರೂ ಐದನೆಯದು ತುಂತುರು ನಿಂತ ಮೇಲೆ ಏರಿತು. ಬಹುಮಾನ ಕೊಡುವಾಗ ಪಟದ ಮೂಲೆಯಲ್ಲಿ ಬೆಂಗಳೂರಿನ ಅಂಗಡಿಯ ನೀಲಿ ಮೊಹರು ಕಣ್ಣಿಗೆ ಬಿತ್ತು. ಕಾಗದದ್ದೇ ಪಟ, ಹತ್ತಿಯದೇ ದಾರ. ನಿಯಮಕ್ಕೆ ಒಂದಿಷ್ಟೂ ಭಂಗವಿರಲಿಲ್ಲ.

ಅಂದು ರಾತ್ರಿ ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ತೀರಿಹೋದವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎನ್ನುತ್ತಾರೆ, ಆದರೂ ಬಂತು.

ಅಪ್ಪ ಕುಣಿಮಗ್ಗದ ನೇಕಾರ. ಮನೆಯ ನಡುಮನೆಯಲ್ಲೇ ನೆಲದಲ್ಲಿ ಕುಣಿ, ಅದರಲ್ಲಿ ಕಾಲಿಳಿಬಿಟ್ಟು ಕೂತರೆ ಅಪ್ಪನ ಅರ್ಧ ಮೈ ನೆಲದೊಳಗೆ, ಅರ್ಧ ಮೈ ರೇಷ್ಮೆಯ ಮೇಲೆ. ಪಕ್ಕದಲ್ಲಿ ಅಮ್ಮ ರಾಟೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಆಷಾಢ ಬಂದರೆ ಅಪ್ಪ ಕುಣಿಯಿಂದ ಮೇಲೆದ್ದು ಪಟ ಕಟ್ಟುತ್ತಿದ್ದರು. ಹಳೆಯ 'ಪ್ರಜಾವಾಣಿ' ಹಾಳೆ, ಇಲ್ಲವೆಂದರೆ ಅಂಗಡಿಯ ಬಣ್ಣದ ಕಾಗದ. ಬಿದಿರಿನ ಎರಡು ಕಡ್ಡಿ, ಒಂದು ನೆಟ್ಟಗೆ, ಒಂದು ಬಿಲ್ಲಿನ ಹಾಗೆ ಬಾಗಿಸಿದ್ದು. ಅಂಟಿಗೆ ಅನ್ನದ ಅಗಳು. ಬಾಲಂಗೋಚಿಗೆ ಅಮ್ಮನ ಹಳೆಯ ಸೀರೆಯ ಅಂಚು. ಎಲ್ಲಕ್ಕಿಂತ ಕಷ್ಟದ್ದು ಸೂತ್ರ ಕಟ್ಟುವುದು. ಮೇಲಿನ ದಾರ ಎಷ್ಟು, ಕೆಳಗಿನ ದಾರ ಎಷ್ಟು ಎಂಬುದು ಅರ್ಧ ಬೆರಳು ಹೆಚ್ಚುಕಡಿಮೆಯಾದರೂ ಪಟ ಗಿರಕಿ ಹೊಡೆಯುತ್ತದೆ. ಅಪ್ಪ ಸೂತ್ರ ಕಟ್ಟುವಾಗ ನಾವು ಮಕ್ಕಳು ಮಾತಾಡುವಂತಿರಲಿಲ್ಲ.

ನನ್ನ ಅಣ್ಣ ಒಮ್ಮೆ ಮೀನು ಹಿಡಿಯುವ ನೈಲಾನ್ ದಾರ ತಂದ. ಸಣ್ಣಗೆ, ಬಿಳುಪಾಗಿ, ಎಷ್ಟು ಎಳೆದರೂ ಕಿತ್ತುಹೋಗದ ದಾರ. ಅಪ್ಪ ಅದನ್ನು ಬೆರಳಿಗೆ ಸುತ್ತಿ ಎಳೆದು ನೋಡಿ ಹಿಂದಕ್ಕೆ ಕೊಟ್ಟರು. "ಇದು ಹಿಗ್ಗುತ್ತೆ ಕಣೋ. ಮೇಲೆ ಗಾಳಿ ಏನು ಹೇಳ್ತಿದೆ ಅಂತ ನಿನ್ನ ಕೈಗೆ ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ. ಮತ್ತೆ ಮರಕ್ಕೆ ಸಿಕ್ಕಿಕೊಂಡ್ರೆ ನೀನು ಸತ್ರೂ ಇದು ಅಲ್ಲೇ ಇರುತ್ತೆ. ಹತ್ತಿ ದಾರ ಒಂದು ಮಳೆಗಾಲಕ್ಕೆ ಕೊಳೆತುಹೋಗುತ್ತೆ." ನೂಲಿನೊಡನೆ ಬದುಕಿದ ಮನುಷ್ಯನ ಮಾತು. ಅಂದಿನಿಂದ ನಮ್ಮ ಮನೆಯಲ್ಲಿ ಕಾಗದ, ಬಿದಿರು, ಹತ್ತಿ ಇಷ್ಟೇ.

ವಿಚಿತ್ರವೆಂದರೆ ಇದೇ ಅಪ್ಪ ಅದಾದ ಎರಡೇ ವರ್ಷಕ್ಕೆ ಕುಣಿಗೆ ಮಣ್ಣು ತುಂಬಿಸಿ, ಸಾಲ ಮಾಡಿ ವಿದ್ಯುತ್ ಮಗ್ಗ ಹಾಕಿಸಿದರು. ನನಗೆ ಆಗ ಹತ್ತು ವರ್ಷ. ಕುಣಿ ಮುಚ್ಚುವಾಗ ಅಪ್ಪನ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡಿದ್ದೆ. ಅವರು ಬೆಲ್ಲ ಹಂಚಿದರು. ಕೈಯಲ್ಲಿ ಎರಡು ಮೂರು ದಿನ ಹಿಡಿಯುತ್ತಿದ್ದ ಸೀರೆ ಒಂದೇ ದಿನಕ್ಕೆ ಇಳಿಯತೊಡಗಿತು. ನಾನು ಬಿ.ಎ. ಓದಿದ್ದು, ಆಮೇಲೆ ಬಿ.ಎಡ್. ಮಾಡಿದ್ದು ಆ ಮಗ್ಗದ ದುಡ್ಡಿನಲ್ಲಿ. ಸೀರೆಗೆ ಕರೆಂಟು ಬಂದರೆ ಬೆಲ್ಲ, ಪಟಕ್ಕೆ ನೈಲಾನ್ ಬಂದರೆ ಬೇಡ, ಇದೆಂಥ ನ್ಯಾಯ ಎಂದು ಅಣ್ಣ ಕೇಳಿದ್ದುಂಟು. ಅಪ್ಪ ಉತ್ತರ ಕೊಡಲಿಲ್ಲ. ತಮಗೆ ಸ್ಪಷ್ಟವಿದ್ದದ್ದನ್ನು ವಿವರಿಸುವ ಅಭ್ಯಾಸ ನಮ್ಮ ಅಪ್ಪನ ಕಾಲದವರಿಗೆ ಇರಲಿಲ್ಲ.

ಆ ಸ್ಪರ್ಧೆಯಾದ ಮೇಲೆ, ಇತಿಹಾಸ ಓದಿದವಳ ಚಟದಿಂದ, ಗಾಳಿಪಟದ ಇತಿಹಾಸವನ್ನು ಒಂದಿಷ್ಟು ಹುಡುಕಿ ಓದಿದೆ. ಮೊದಲ ಪುಟದಲ್ಲೇ ಪೆಟ್ಟು ತಿಂದೆ. ಗಾಳಿಪಟ ಹುಟ್ಟಿದ್ದು ಚೀನಾದಲ್ಲಿ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಕಾಗದ ಕೈಗೆಟುಕುವ ವಸ್ತುವಾಗುವ ಮೊದಲೇ ಅಲ್ಲಿ ಬಿದಿರಿನ ಮೇಲೆ ರೇಷ್ಮೆ ಬಿಗಿದು ಪಟ ಮಾಡುತ್ತಿದ್ದರಂತೆ. ಅಂದರೆ ಬಟ್ಟೆಯ ಪಟವೇ ಹಳೆಯದು, ಕಾಗದ ಆಮೇಲೆ ಬಂದ ಹೊಸ ತಂತ್ರ. ಕಾಗದವನ್ನು ಪಟಕ್ಕೆ ಅಂಟಿಸಿದ ಮೊದಲ ಹುಡುಗನನ್ನೂ ಯಾರೋ ತೀರ್ಪುಗಾರರು ಹೊರಗೆ ಕಳಿಸಿದ್ದರೋ ಏನೋ! ರೇಷ್ಮೆಯ ಊರಿನಲ್ಲಿ ಹುಟ್ಟಿ ರೇಷ್ಮೆಯ ದುಡ್ಡಿನಲ್ಲಿ ಓದಿದ ನಾನು ಸಂಪ್ರದಾಯದ ಹೆಸರಿನಲ್ಲಿ ಬಟ್ಟೆಯ ಪಟವನ್ನು ತಳ್ಳಿಹಾಕಿದ್ದೆ.

ಮುಂದೆ ಓದಿದಷ್ಟೂ ಅದೇ ಕಥೆ. ಗಾಳಿಪಟ ಯಾವ ಕಾಲದಲ್ಲೂ ಒಂದೇ ವಸ್ತುವಿಗೆ ಅಂಟಿಕೊಂಡು ಕೂತಿಲ್ಲ. ಆಸ್ಟ್ರೇಲಿಯಾದ ಲಾರೆನ್ಸ್ ಹಾರ್‍ಗ್ರೇವ್ 1893ರಲ್ಲಿ ಪೆಟ್ಟಿಗೆಯ ಆಕಾರದ ಪಟ ಮಾಡಿದ. ರೈಟ್ ಸಹೋದರರು ವಿಮಾನ ಹಾರಿಸುವ ಮೊದಲು, 1899ರಲ್ಲಿ, ರೆಕ್ಕೆ ತಿರುಚುವ ಉಪಾಯವನ್ನು ಪರೀಕ್ಷಿಸಿದ್ದು ಪಟದ ಮೇಲೆ. ಮಾರ್ಕೋನಿ 1901ರಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ತಂತಿಯಿಲ್ಲದ ಸಂಕೇತ ಹಿಡಿಯಲು ಏರಿಯಲ್ಲನ್ನು ಎತ್ತಿ ನಿಲ್ಲಿಸಿದ್ದೂ ಪಟದಿಂದಲೇ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಮೆರಿಕದ ರೊಗಾಲೊ ದಂಪತಿಗಳ ವಿಷಯ. ಗಂಡ ಫ್ರಾನ್ಸಿಸ್ ವಿಮಾನ ಸಂಶೋಧನೆಯ ಎಂಜಿನಿಯರು. 1948ರಲ್ಲಿ ಅವರು ಕಡ್ಡಿಯೇ ಇಲ್ಲದ, ಬಟ್ಟೆಯೊಂದರಿಂದಲೇ ನಿಲ್ಲುವ ಪಟ ಮಾಡಿದರು. ಬಟ್ಟೆ ಎಲ್ಲಿಂದ ಬಂತು? ಅಡುಗೆಮನೆಯ ಪರದೆಯಿಂದ. ಹೊಲಿದವರು ಹೆಂಡತಿ ಗರ್‍ಟ್ರೂಡ್. ಮನುಷ್ಯ ಜೋತುಕೊಂಡು ಹಾರುವ ಹ್ಯಾಂಗ್ ಗ್ಲೈಡರಿನ ಬೇರು ಆ ಪರದೆ. ಮುರಿದ ಕೊಡೆಯ ಬಟ್ಟೆಗೂ ಅಡುಗೆಮನೆಯ ಪರದೆಗೂ ಏನು ವ್ಯತ್ಯಾಸವೆಂದು ನನ್ನನ್ನೇ ಕೇಳಿಕೊಂಡೆ.

ಇನ್ನೊಂದು ಸಂಗತಿ, ನಗು ಬರಿಸುವಂಥದು. ನಮ್ಮ ದೇಶದ 1934ರ ವಿಮಾನ ಕಾಯ್ದೆಯಲ್ಲಿ ವಿಮಾನವೆಂದರೆ ಏನು ಎಂದು ವಿವರಿಸುವಾಗ ಬಲೂನು, ಗ್ಲೈಡರುಗಳ ಸಾಲಿನಲ್ಲಿ ಗಾಳಿಪಟವನ್ನೂ ಸೇರಿಸಿದ್ದರು. 2025ರ ಜನವರಿಯಿಂದ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಪಕ್ಕದ ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಿನಲ್ಲಿ ವಿಮಾನ ನಿಲ್ದಾಣ ಶುರುವಾದಾಗ, ನಮ್ಮ ತಾಲ್ಲೂಕಿನಲ್ಲಿ ಅದಕ್ಕೂ ಎಷ್ಟೋ ಮೊದಲೇ ಸಾವಿರಾರು ವಿಮಾನಗಳಿದ್ದವು ಎಂದು ನಾನು ಕ್ಲಾಸಿನಲ್ಲಿ ಹೇಳಿ ಮಕ್ಕಳನ್ನು ನಗಿಸುತ್ತಿರುತ್ತೇನೆ.

ಹಾಗಾದರೆ ಹೊಸದೆಲ್ಲ ಬರಲಿ ಎಂದು ಬಾಗಿಲು ತೆರೆದುಬಿಡಬೇಕೆ? ಈ ಪ್ರಶ್ನೆ ಕೇಳಿಕೊಂಡಾಗಲೆಲ್ಲ ನನಗೆ ನೆನಪಾಗುವುದು ಮಾಂಜಾ. ಹತ್ತಿ ದಾರಕ್ಕೆ ಗಾಜಿನ ಪುಡಿ ಬಳಿದು ಎದುರಾಳಿಯ ದಾರ ಕತ್ತರಿಸುವ ಆಟ ಹಳೆಯದು. ಅದರಲ್ಲೂ ಬೆರಳು ಕೊಯ್ಯುತ್ತಿತ್ತು. ಆದರೆ ನೈಲಾನ್ ಮಾಂಜಾ ಬಂದ ಮೇಲೆ ಕೊಯ್ಯುವುದು ಹಾರಿಸುವವನ ಬೆರಳನ್ನಲ್ಲ, ರಸ್ತೆಯಲ್ಲಿ ಸ್ಕೂಟರಿನಲ್ಲಿ ಹೋಗುವವರ ಕತ್ತನ್ನು. ಬೆಂಗಳೂರಿನಲ್ಲಿ ರೆಕ್ಕೆ ಸೀಳಿಕೊಂಡು ಮರಕ್ಕೆ ಜೋತುಬಿದ್ದ ಹದ್ದುಗಳನ್ನು ಇಳಿಸಿ ಶುಶ್ರೂಷೆ ಮಾಡುವುದೇ ಪಕ್ಷಿಪ್ರೇಮಿಗಳಿಗೆ ಒಂದು ದೊಡ್ಡ ಕೆಲಸವಾಗಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ನೈಲಾನ್ ಮತ್ತು ಇತರ ಕೃತಕ ನೂಲಿನ ಮಾಂಜಾವನ್ನು ಇಡೀ ದೇಶದಲ್ಲಿ ನಿಷೇಧಿಸಿತು. ಅಪ್ಪ ನಲವತ್ತು ವರ್ಷ ಮೊದಲು ಬೆರಳಿಗೆ ಸುತ್ತಿ ನೋಡಿ ಹೇಳಿದ್ದಕ್ಕೆ ಕೊನೆಗೆ ನ್ಯಾಯಮಂಡಳಿಯ ಮುದ್ರೆ ಬಿತ್ತು. ದಾರದ ವಿಷಯದಲ್ಲಿ ಅಪ್ಪ ಸರಿ, ಅದರಲ್ಲಿ ನನಗೆ ಸಂಶಯವೇ ಇಲ್ಲ. ಪಟದ ವಿಷಯವೇ ನನ್ನನ್ನು ಕಾಡುತ್ತಿದ್ದದ್ದು.

2024ರ ಆಗಸ್ಟ್ ತಿಂಗಳು. ಒಂದು ಸಂಜೆ ಫೋನಿಗೆ ಒಂದು ವಿಡಿಯೋ ಬಂತು. ಕಡಲಿನ ಮೇಲೆ ಬಣ್ಣಬಣ್ಣದ ಭಾರಿ ಪಟಗಳು, ಅವುಗಳ ದಾರಕ್ಕೆ ಜೋತುಕೊಂಡು ಹಲಗೆಯ ಮೇಲೆ ನಿಂತ ಹುಡುಗ ಹುಡುಗಿಯರು. ಹಲಗೆ ನೀರನ್ನು ಮುಟ್ಟುತ್ತಲೇ ಇಲ್ಲ, ಒಂದು ಗೇಣು ಮೇಲೆ ತೇಲಿಹೋಗುತ್ತಿದೆ. ಕೆಳಗೆ ಒಂದು ಸಾಲು: "ಮಿಸ್, ಇವರದ್ದೂ ಕೊಡೆ ಬಟ್ಟೆನೇ."

ಅವನೇ. ಈಗ ಇಪ್ಪತ್ತೇಳು ವರ್ಷ, ನಮ್ಮ ಊರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಹದಿಮೂರು ವರ್ಷ ಅವನೂ ಮರೆತಿರಲಿಲ್ಲ. ನಾನು ತಕ್ಷಣ ಉತ್ತರ ಬರೆಯಲಿಲ್ಲ. ಏನು ಬರೆಯಬೇಕೆಂದು ತೋಚಲಿಲ್ಲ.

ಅದು ಪ್ಯಾರಿಸ್ ಒಲಿಂಪಿಕ್ಸಿನ ಪಂದ್ಯ, ನಡೆದದ್ದು ಮಾರ್ಸೇಲ್ಸಿನ ಕಡಲಿನಲ್ಲಿ. ಹಾಯಿದೋಣಿ ಸ್ಪರ್ಧೆಗಳ ಗುಂಪಿನಲ್ಲೇ ಆ ವರ್ಷ ಮೊದಲ ಬಾರಿಗೆ ಪಟದ ಓಟವನ್ನೂ ಸೇರಿಸಿದ್ದರು. ಯೋಚಿಸಿದರೆ ಸರಿಯೇ. ಹಾಯಿ ಎಂದರೆ ಕಂಬಕ್ಕೆ ಕಟ್ಟಿದ ಪಟ, ಪಟವೆಂದರೆ ದಾರಕ್ಕೆ ಕಟ್ಟಿದ ಹಾಯಿ. ಹಳಗನ್ನಡದಿಂದಲೂ ನಮ್ಮ ಭಾಷೆಯಲ್ಲಿ ಪಟವೆಂದರೆ ಬಟ್ಟೆಯೇ ತಾನೆ. ಕೆರೆಯಲ್ಲಿ ತೆಪ್ಪ ಕಂಡವಳೇ ಹೊರತು ಹಾಯಿದೋಣಿ ಹತ್ತಿದವಳಲ್ಲ ನಾನು. ಆದರೆ ಆ ವಿಡಿಯೋದ ಬೆನ್ನು ಹತ್ತಿ ಓದುತ್ತ ಹೋದಾಗ, ನಮ್ಮ ಬಡಾವಣೆಯ ನಿಯಮದ ಹಾಳೆಯ ಜಗಳವೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿರುವುದು ಕಂಡು ಬೆರಗಾಯಿತು.

ಹಾಯಿದೋಣಿಯವರಲ್ಲಿ ಒಂದು ಪದ್ಧತಿಯಿದೆ. ಒಂದು ವರ್ಗದ ದೋಣಿಗಳೆಲ್ಲ ಅಚ್ಚಿನಲ್ಲಿ ಎರೆದಂತೆ ಒಂದೇ ಥರ ಇರಬೇಕು. ಉದ್ದ, ತೂಕ, ಹಾಯಿಯ ಅಳತೆ ಎಲ್ಲವೂ ಗೊತ್ತುಮಾಡಿದ್ದು. ಗೆದ್ದವನು ಗಾಳಿಯನ್ನು ಅರಿತು ಗೆದ್ದ, ದುಡ್ಡು ಸುರಿದು ಗೆಲ್ಲಲಿಲ್ಲ ಎಂದಾಗಲಿ ಎಂಬ ಉದ್ದೇಶ. ಇಂಥ ದೋಣಿಗಳಲ್ಲಿ ಬಹಳ ಪ್ರಸಿದ್ಧವಾದದ್ದು ಲೇಸರ್. ಕೆನಡಾದ ಬ್ರೂಸ್ ಕರ್ಬಿ ವಿನ್ಯಾಸ ಮಾಡಿದ, ಒಬ್ಬರೇ ನಡೆಸುವ ಸಣ್ಣ ದೋಣಿ. 1970ರ ದಶಕದ ಆರಂಭದಲ್ಲಿ ಬಂದು 1996ರಲ್ಲಿ ಒಲಿಂಪಿಕ್ಸ್ ಸೇರಿತು. 2019ರಿಂದ ಅದರ ಹೆಸರು ಐಎಲ್‌ಸಿಎ. ಪ್ಯಾರಿಸ್ಸಿನಲ್ಲಿ ನಮ್ಮ ದೇಶದ ವಿಷ್ಣು ಸರವಣನ್, ನೇತ್ರಾ ಕುಮನನ್ ಇಬ್ಬರೂ ನಡೆಸಿದ್ದು ಇದೇ ಜಾತಿಯ ದೋಣಿಗಳನ್ನು. ವಿಷ್ಣು ಅವರು ಮದ್ರಾಸ್ ಸ್ಯಾಪರ್ಸ್‌ನ ಸೈನಿಕ. ಅದರ ಕೇಂದ್ರ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ದಂಡೆಯ ಮೇಲಿದೆ.

ಈ ದೋಣಿಯ ಹಾಯಿಯ ವಿಷಯದಲ್ಲಿ ಒಂದು ಪಾಠವಿದೆ. ಹಳೆಯ ಮಾದರಿಯ ಹಾಯಿ ಬೇಗ ಆಕಾರ ಕಳೆದುಕೊಳ್ಳುತ್ತಿತ್ತು. ನಿಯಮವೇನೋ ಎಲ್ಲರಿಗೂ ಒಂದೇ ಹಾಯಿ ಎಂದಿತ್ತು. ಆದರೆ ದುಡ್ಡಿದ್ದವನು ದೊಡ್ಡ ಪಂದ್ಯಕ್ಕೆಲ್ಲ ಹೊಸ ಹಾಯಿ ಬಿಚ್ಚುತ್ತಿದ್ದ, ಇಲ್ಲದವನು ಜೋಲು ಬಿದ್ದ ಹಾಯಿಯಲ್ಲೇ ಏಗುತ್ತಿದ್ದ. ಹೆಚ್ಚು ಬಾಳಿಕೆ ಬರುವ ಹೊಸ ಹಾಯಿ ಬೇಕೇ ಬೇಡವೇ ಎಂದು ಬಹಳ ಕಾಲ ಚರ್ಚೆಯಾಗಿ ಕೊನೆಗೆ ಅದನ್ನು ಒಪ್ಪಿಕೊಂಡರು. ಇದನ್ನು ಓದುವಾಗ ನನ್ನ ಕಣ್ಣೆದುರಿಗೆ ಬಂದದ್ದು ಐದು ಕಾಗದದ ಪಟ ಹಿಡಿದು ಬಂದಿದ್ದ ಹುಡುಗ. ಹಳೆಯದನ್ನು ಹಾಗೇ ಉಳಿಸಿದರೆ ಬಡವನಿಗೆ ಅನುಕೂಲ ಎಂದು ನಾವು ಸುಮ್ಮನೆ ಅಂದುಕೊಂಡಿರುತ್ತೇವೆ. ಹರಿದುಹೋಗುವ ವಸ್ತು ಯಾವಾಗಲೂ ದುಡ್ಡಿದ್ದವನ ಕಡೆಗೇ ಇರುತ್ತದೆ, ಏಕೆಂದರೆ ಅವನ ಹತ್ತಿರ ಇನ್ನೊಂದಿರುತ್ತದೆ.

ಹಾಗೆಂದು ಅವರೂ ಬಾಗಿಲನ್ನು ಪೂರ್ತಿ ತೆರೆದಿಟ್ಟಿಲ್ಲ. ಅದೇ ಪ್ಯಾರಿಸ್ಸಿನಲ್ಲಿ ಹಾಯಿ ಕಟ್ಟಿದ ಹಲಗೆಯ ಪಂದ್ಯಕ್ಕೆ ಹಳೆಯ ಹಲಗೆಯನ್ನು ಬಿಟ್ಟು, ನೀರಿನಿಂದ ಮೇಲೆದ್ದು ಓಡುವ ಹೊಸ ಹಲಗೆಯನ್ನು ತಂದರು. ಹಳೆಯದರಲ್ಲಿ ವರ್ಷಗಟ್ಟಲೆ ಪಳಗಿದವರು ಮತ್ತೆ ಒಂದನೇ ಕ್ಲಾಸಿನಿಂದ ಶುರುಮಾಡಬೇಕಾಯಿತು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಕುಣಿಮಗ್ಗದಲ್ಲಿ ಕೈ ಪಳಗಿದವರು ಎಷ್ಟು ಜನ ನಮ್ಮ ಊರಿನಲ್ಲಿ ವಿದ್ಯುತ್ ಮಗ್ಗದ ಕೂಲಿಗಳಾದರು! ಪಟದ ಓಟದಲ್ಲಾದರೋ, ತಯಾರಕರು ಮೊದಲೇ ನೋಂದಾಯಿಸಿದ ಮಾದರಿಗಳನ್ನು ಮಾತ್ರ ಬಳಸಬೇಕು, ಒಮ್ಮೆ ನೋಂದಾಯಿಸಿದ್ದನ್ನು ಗೊತ್ತಾದ ಅವಧಿಯವರೆಗೆ ಬದಲಿಸುವಂತಿಲ್ಲ. ಹೊಸದು ಬರಲಿ, ಆದರೆ ದಿನಕ್ಕೊಂದು ಬರುವುದು ಬೇಡ ಎಂಬ ಲೆಕ್ಕ. ಸಂಸಾರ ಮಾಡುವವರು ಇದನ್ನು ಮೆಚ್ಚುತ್ತಾರೆ.

ಇಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಮೂಡುಬಿದಿರೆಯ ಕಡೆಯ ಗೆಳತಿಯೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು, "ನಮ್ಮ ಕಂಬಳದಲ್ಲಿ ಇದು ಯಾವತ್ತೋ ಬಗೆಹರಿದಿದೆಯಲ್ಲ" ಎಂದರು. ಕಂಬಳದಲ್ಲಿ ಕೋಣಗಳ ಹಿಂದೆ ಏನನ್ನು ಕಟ್ಟಿದ್ದಾರೆ ಎಂಬುದರ ಮೇಲೆ ವಿಭಾಗ: ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ. ಹಗ್ಗದವರು ನೇಗಿಲಿನವರ ಜೊತೆ ಓಡುವುದಿಲ್ಲ. ಕನೆ ಹಲಗೆಯಲ್ಲಂತೂ ವೇಗ ನೋಡುವುದೇ ಇಲ್ಲ. ಚಿಮ್ಮಿದ ಕೆಸರುನೀರು ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಿತೇ ಇಲ್ಲವೇ ಎಂಬುದೇ ತೀರ್ಪು. ಯಾವುದೂ ಯಾವುದನ್ನೂ ಓಡಿಸುವುದಿಲ್ಲ. ಈಚೆಗೆ ಅಲ್ಲಿ ಗೆರೆ ದಾಟಿದ್ದನ್ನು ಹಿಡಿಯಲು ಲೇಸರ್ ಕಿರಣವನ್ನೂ ತಂದಿದ್ದಾರೆ. ಯಂತ್ರ ಬಂದಿದೆ, ಆದರೆ ತೀರ್ಪುಗಾರನ ಕಣ್ಣಿಗೆ, ಓಡುವವನ ಕಾಲಿಗಲ್ಲ. ತೀರ್ಪುಗಾರಳಾಗಿ ಎಡವಿದ ನನಗೆ ಆ ಯಂತ್ರದ ಮೇಲೆ ಸ್ವಲ್ಪ ಅಸೂಯೆಯೂ ಆಯಿತು.

ಅಪ್ಪ ಅಣ್ಣನಿಗೆ ಕೊಡದೇ ಹೋದ ಉತ್ತರ ನನಗೆ ಹೊಳೆದದ್ದು ಮಾತ್ರ ಬೇರೆ ಕಡೆಯಿಂದ. 1985ರಲ್ಲಿ ಕೇಂದ್ರ ಸರ್ಕಾರ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ತಂದಿತು. ಮೊದಲು ಇಪ್ಪತ್ತೆರಡು ಬಗೆ ಇದ್ದದ್ದು ಆಮೇಲೆ ಹನ್ನೊಂದಕ್ಕೆ ಇಳಿಯಿತು. ವಿದ್ಯುತ್ ಮಗ್ಗದ ನಮ್ಮ ಊರಿನಲ್ಲಿ ಅದನ್ನು ಬೈಯ್ಯದವರಿರಲಿಲ್ಲ, ಅಪ್ಪನೂ ಬೈಯ್ದರು. ಈಗ ಕೆಲವು ವರ್ಷಗಳಿಂದ ಸೂರತ್ತಿನಲ್ಲಿ ಇನ್ನೂ ವೇಗದ ರೇಪಿಯರ್ ಮಗ್ಗಗಳಲ್ಲಿ ನಮ್ಮ ಸೀರೆಯಂಥದೇ ಸೀರೆ ನೇಯ್ದು ಕಡಿಮೆ ಬೆಲೆಗೆ ಇಲ್ಲಿಗೇ ತಂದು ಸುರಿಯುತ್ತಿದ್ದಾರೆ. ನಮ್ಮ ವಿದ್ಯುತ್ ಮಗ್ಗದವರು ಬೀದಿಗಿಳಿದು, ಇದನ್ನು ತಡೆಯಿರಿ, ನಮ್ಮ ಸೀರೆಯನ್ನು ನಮಗೆ ಬಿಡಿ ಎಂದು ಕೇಳುತ್ತಿದ್ದಾರೆ. ನಲವತ್ತು ವರ್ಷಗಳ ಹಿಂದೆ ಕೈಮಗ್ಗದವರು ಕೇಳಿದ್ದೂ ಇದನ್ನೇ. ಪ್ರತಿಭಟನೆಯಲ್ಲಿ ಅಣ್ಣನೂ ಇದ್ದ. ಅವನಿಗೆ ನಾನು ಈ ಮಾತು ಹೇಳಿದೆ. "ಹೊಟ್ಟೆ ವಿಷಯ ಬೇರೆ, ಬಿಡು" ಎಂದ.

ಅಪ್ಪ ಅಂದು ಹೇಳಬೇಕೆಂದಿದ್ದದ್ದೂ ಅದೇ ಇರಬೇಕು. ಸೀರೆ ನೇಯುವುದು ಅದು ಮುಗಿಯಲಿ ಎಂದು. ಬೇಗ ಮುಗಿದಷ್ಟೂ ಒಳ್ಳೆಯದು. ಪಟ ಹಾರಿಸುವುದು ಮುಗಿಯಲಿ ಎಂದಲ್ಲ. ಅಲ್ಲಿ ಕೈಗೂ ಗಾಳಿಗೂ ನಡುವೆ ನಡೆಯುವ ಮಾತುಕತೆಯೇ ಇರುವುದೆಲ್ಲ, ಅದನ್ನು ಕಿವುಡು ಮಾಡುವ ದಾರ ಅವರಿಗೆ ಬೇಡವಾಗಿತ್ತು. ಕಾಗದ ಅವರ ಅಭ್ಯಾಸವಾಗಿತ್ತೇ ಹೊರತು ನಿಯಮವಾಗಿರಲಿಲ್ಲ. ಬಾಲಂಗೋಚಿಗೆ ಸೀರೆಯ ಅಂಚು ಕಟ್ಟಿದ ಮನುಷ್ಯ ಬಟ್ಟೆಯ ಪಟಕ್ಕೆ ಬೇಡವೆನ್ನುತ್ತಿದ್ದರೆ? ಅವರ ಅಭ್ಯಾಸವನ್ನು ನಿಯಮ ಮಾಡಿಕೊಂಡವಳು ನಾನು.

2012ರಲ್ಲೇ ಆ ಸ್ಪರ್ಧೆಯ ಹಾಳೆಯನ್ನು ತಿದ್ದಿಸಿದ್ದೆ ಎಂಬುದನ್ನು ಇಲ್ಲಿ ಹೇಳಿದರೆ ಜಂಬವಾಗುತ್ತದೇನೋ. ಸುಲಭವಾಗಿಯೇನೂ ಆಗಲಿಲ್ಲ. "ಪಟ ಕಾಗದದ್ದಾಗಿರಬೇಕು" ಎಂಬುದರ ಬದಲು "ಪಟವನ್ನು ಹಾರಿಸುವವರೇ ಮಾಡಿರಬೇಕು" ಎಂದು ಬರೆಯೋಣವೆಂದಾಗ ಹಿರಿಯರೊಬ್ಬರು, "ಇವತ್ತು ಕೊಡೆ ಬಟ್ಟೆ ಅಂತೀರಿ, ನಾಳೆ ಮೋಟರು ಕಟ್ಕೊಂಡು ಬರ್ತಾರೆ ಮೇಡಂ" ಎಂದು ಎದ್ದುಹೋದರು. ಅವರ ಭಯ ಸುಳ್ಳೆಂದು ನಾನು ಇವತ್ತಿಗೂ ಹೇಳಲಾರೆ. ಮಾಡಿದ್ದು ಯಾರು ಎಂದು ಪತ್ತೆಹಚ್ಚುವುದೂ ಕಷ್ಟವೇ. ಅದಕ್ಕೊಂದು ಉಪಾಯ ಮಾಡಿದೆವು. ಸ್ಪರ್ಧೆಯ ದಿನ ಬೆಳಿಗ್ಗೆ ಎಲ್ಲರೂ ಸೂತ್ರ ಬಿಚ್ಚಿ ನಮ್ಮೆದುರಿಗೇ ಮತ್ತೆ ಕಟ್ಟಬೇಕು. ಅಂಗಡಿಯ ಪಟ ತಂದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಕಾಗದದ ಪಟಕ್ಕೆ ಒಂದು ಬಹುಮಾನ, ಬಟ್ಟೆಯದಕ್ಕೆ ಒಂದು ಬಹುಮಾನ ಎಂದು ಬೇರೆಬೇರೆ ಮಾಡಿದ್ದು ಕಂಬಳದ ಮಾತು ಕೇಳಿದ ಮೇಲೆ, ಕಳೆದ ವರ್ಷ. ದಾರದ ಸಾಲನ್ನು ಮಾತ್ರ ಯಾರಿಗೂ ಮುಟ್ಟಲು ಬಿಟ್ಟಿಲ್ಲ.

ಆ ವಿಡಿಯೋಕ್ಕೆ ನಾನು ಮೂರು ದಿನ ಬಿಟ್ಟು ಉತ್ತರ ಬರೆದೆ. "ನಿನ್ನದು ಇದಕ್ಕಿಂತ ಚೆನ್ನಾಗಿ ನಿಂತಿತ್ತಪ್ಪ" ಎಂದು. ಅವನು ಒಂದು ನಗುಮುಖ ಕಳಿಸಿದ. ಅಷ್ಟೇ.

ಈ ಸಲದ ಆಷಾಢದಲ್ಲಿ ಅವನನ್ನು ತೀರ್ಪುಗಾರನಾಗಿ ಕರೆಸಿದೆವು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ತಂದ ಪಟ ನೋಡಿ ನಾವು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಟ್ಟೆ ಫ್ಯಾಕ್ಟರಿಯ ಚೂರುಗಳದು, ಒಂದೊಂದು ತುಂಡೂ ಒಂದೊಂದು ಬಣ್ಣ. ಕಡ್ಡಿ ಬಿದಿರಿನದಲ್ಲ, ಮುರಿದ ಬ್ಯಾಡ್ಮಿಂಟನ್ ಬ್ಯಾಟಿನ ಹಿಡಿಗಳಿಂದ ತೆಗೆದದ್ದು. ಹಾಳೆಯಲ್ಲಿ ಕಡ್ಡಿಯ ಬಗ್ಗೆ ಏನೂ ಬರೆದಿರಲಿಲ್ಲ. ಬಿದಿರಲ್ಲದ ಕಡ್ಡಿ ಇರುತ್ತದೆಂದು ಯಾರಿಗೂ ತೋಚಿರಲಿಲ್ಲ. ಚಹಾ ಆರಿಹೋಗುವಷ್ಟು ಹೊತ್ತು ವಾದ ನಡೆಯಿತು. ಅವನು ವಾದಕ್ಕೆ ಬರಲಿಲ್ಲ. ಹುಡುಗಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಸೂತ್ರ ಬಿಚ್ಚಮ್ಮ, ಮತ್ತೆ ಕಟ್ಟು" ಎಂದ. ಅವಳು ಕಟ್ಟಿದಳು, ಮೇಲಿನ ದಾರವನ್ನು ಅರ್ಧ ಬೆರಳು ಗಿಡ್ಡ ಮಾಡಿ, ಒಮ್ಮೆ ಜೋತಾಡಿಸಿ ನೋಡಿ, ಮತ್ತೆ ಸರಿಪಡಿಸಿದಳು. ಅವನು ನನ್ನ ಕಡೆ ನೋಡಿದ.

ಹಾರಿಸಲಿ ಎಂದೆ. ದಾರದ ಉಂಡೆಯನ್ನು ಮಾತ್ರ ಕೈಗೆ ತೆಗೆದುಕೊಂಡು, ಬೆರಳಿಗೆ ಸುತ್ತಿ ಎಳೆದು ನೋಡಿದೆ. ಹತ್ತಿಯದೇ.